ಎರಡು ಸ್ಟಿಕ್ಕಿನ ಬ್ಯಾಗು

ನಮ್ಮತ್ತಿಗೆಯ ಮುಂದಿನ ಹಲ್ಲಿನ ಒಂದು ಮೂಲೆ ಮುರಿದಿತ್ತು. ಅಕ್ಕಿ ನುಚ್ಚಿನಷ್ಟು, ಹೆಚ್ಚೇನಲ್ಲ. ಆದರೂ ನಗು ಬಂತೆಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಕೈಯಲ್ಲಿ ಹಿಟ್ಟೋ ಸಗಣಿಯೋ ಇದ್ದರೆ ಮೊಣಕೈಯಾದರೂ ಅಡ್ಡ ಬರುತ್ತಿತ್ತು. ಅಣ್ಣನಿಗೆ ಹೆಣ್ಣು ನೋಡಲು ಕುದೂರಿಗೆ ಹೋದಾಗ ನಮ್ಮವ್ವನ ಕಣ್ಣಿಗೆ ಮೊದಲು ಬಿದ್ದದ್ದೇ ಆ ಹಲ್ಲು. ಕೇಳಿದ್ದಕ್ಕೆ ಹೆಣ್ಣಿನ ಕಡೆಯವರು ನೀರಿನ ತೊಟ್ಟಿಯ ಮೇಲೆ ಬಿದ್ದದ್ದು ಎಂದಿದ್ದರಂತೆ. ಅವ್ವ ತಲೆಯಾಡಿಸಿ ಕಾಫಿ ಕುಡಿದು ಬಂದಳು. ಮದುವೆಯೂ ಆಯಿತು.

ನಾನಾಗ ಮರಳವಾಡಿಯ ಹೈಸ್ಕೂಲಿಗೆ ಹೋಗುತ್ತಿದ್ದೆ. ಹೊಸದಾಗಿ ಬಂದ ಪಿ.ಟಿ. ಮಿಸ್ ಹುಡುಗಿಯರ ಹಾಕಿ ತಂಡ ಕಟ್ಟಿ, ಮನೆಯಲ್ಲೂ ಅಭ್ಯಾಸ ಮಾಡಿರೆಂದು ಶಾಲೆಯ ಸ್ಟಿಕ್ಕುಗಳನ್ನು ಕೊಟ್ಟು ಕಳಿಸಿದರು. ಹೆಗಲ ಮೇಲೆ ಅದನ್ನಿಟ್ಟುಕೊಂಡು ಬಂದವಳನ್ನು ನೋಡಿ ಅವ್ವ, "ಇಸ್ಕೂಲಿಗೆ ಹೋಗಿದ್ಯೋ, ಹಸ ಮೇಯ್ಸೋಕೆ ಹೋಗಿದ್ಯೋ?" ಎಂದಳು. ನಾನು ಮುನಿಸಿಕೊಂಡು ಸ್ಟಿಕ್ಕನ್ನು ಜಗಲಿಯ ಗೋಡೆಗೆ ಒರಗಿಸಿ ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅದು ಅತ್ತಿಗೆಯ ಕೈಯಲ್ಲಿತ್ತು. ಎಡಗೈ ತುದಿಯಲ್ಲಿ, ಬಲಗೈ ನಡುವೆ, ಮೊಣಕಾಲು ಒಸಿ ಬಾಗಿಸಿ, ಮಿಸ್ ನಮಗೆ ದಿನಾ ಬೈದು ಕಲಿಸುತ್ತಿದ್ದ ಹಾಗೆಯೇ ನಿಂತಿದ್ದರು. ನನ್ನನ್ನು ಕಂಡದ್ದೇ ಒಲೆಯ ಕಾದ ಊದುಕೊಳವೆ ಮುಟ್ಟಿದವರಂತೆ ಅದನ್ನು ಕೆಳಗಿಟ್ಟುಬಿಟ್ಟರು.

ಬಿಡುವವಳು ನಾನಲ್ಲ. ಮುದ್ದೆ ತಿರುವುತ್ತಿದ್ದಾಗ ಪಕ್ಕದಲ್ಲಿ ಕೂತು ಕಾಡಿದೆ. ಆಗ ಬಾಯಿಬಿಟ್ಟರು. ಅವರು ತಮ್ಮ ಶಾಲೆಯ ತಂಡದಲ್ಲಿ ಲೆಫ್ಟ್ ವಿಂಗ್ ಆಗಿದ್ದರು. ಹಲ್ಲು ಮುರಿದದ್ದು ಚೆಂಡು ತಾಗಿ. ಜಿಲ್ಲಾ ಮಟ್ಟದ ಆಟಕ್ಕೆ ತಂಡ ಹೊರಡಬೇಕಾಗಿದ್ದ ವಾರವೇ ಲಗ್ನ ಗೊತ್ತಾಯಿತು.

"ಸ್ಟಿಕ್ಕು ಇಸ್ಕೂಲ್ದು ಕಣವ್ವ. ಅಕ್ಕಿ ಚೀಲದಲ್ಲಿ ಸುತ್ಕೊಂಡೋಗಿ ವಾಪಸ್ ಕೊಟ್ಬುಟ್ಟೆ."

"ಬೇಜಾರಾಗ್ಲಿಲ್ವಾ ಅತ್ತಿಗೆ?"

ಮುದ್ದೆಯ ಕೋಲು ನಿಂತಿತು. "ಇನ್ನೊಂದು ಕಿತ ಆಡ್ಬೇಕು ಕಣೆ. ಅಷ್ಟೇ ಆಸೆ. ನಿಮ್ಮವ್ವಂಗೆ ಹೇಳ್ಬುಟ್ಟೀಯ ಮತ್ತೆ!"

ಅವ್ವನಿಗೆ ನಾನು ಹೇಳಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ನನ್ನ ಆಟಕ್ಕೇ ಕುತ್ತು ಬಂತು. ಕನಕಪುರದಲ್ಲಿ ತಾಲ್ಲೂಕು ಮಟ್ಟದ ಪಂದ್ಯಗಳಿದ್ದವು. ಅಭ್ಯಾಸಕ್ಕೆಂದು ಬಸ್ಸಿನಲ್ಲಿ ಹೋಗುವಾಗ ನನ್ನ ಸ್ಟಿಕ್ಕಿನ ಕೊಕ್ಕೆ ಒಬ್ಬ ಯಜಮಾನರ ಪಂಚೆಗೆ ಸಿಕ್ಕಿಕೊಂಡಿತು. ಅವರು ಇಳಿದರು, ಪಂಚೆ ಅರ್ಧ ಬಸ್ಸಿನಲ್ಲೇ ಉಳಿಯಿತು. ಬಸ್ಸಿಗೆ ಬಸ್ಸೇ ನಕ್ಕಿತು, ಅವರನ್ನು ಬಿಟ್ಟು. "ನಾಳಿಂದ ಆ ದೊಣ್ಣೆ ಬ್ಯಾಗೊಳಗಿದ್ರೆ ಹತ್ತು, ಇಲ್ದಿದ್ರೆ ನಡ್ಕಂಡ್ ಬಾ" ಎಂದ ಕಂಡಕ್ಟರ್. ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಅವ್ವನಿಗೆ ಅಷ್ಟೇ ಬೇಕಾಗಿತ್ತು.

"ಮಾನ ಮರ್ವಾದೆ ಕಳೆದಿದ್ದು ಸಾಕು. ಕೊಟ್ಬುಡು ಆ ಕೋಲ್ನ."

ಅತ್ತೆಯ ಎದುರು ಅತ್ತಿಗೆ ದನಿ ಎತ್ತಿದ್ದನ್ನು ನಾನು ಕಂಡವಳೇ ಅಲ್ಲ. ಅವತ್ತೂ ಎತ್ತಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಕೋಲಿನ ತಪ್ಪೇನೈತೆ ಅತ್ತೆ? ಚೀಲ ಇರ್ಲಿಲ್ಲ, ಅಷ್ಟೇಯ. ನಾಳೆ ನಾನೇ ಕರ್ಕಂಡೋಗಿ ಕೊಡಿಸ್ಕಂಡ್ ಬತ್ತೀನಿ" ಎಂದರು. ಅವ್ವ ಅವರ ಮುಖವನ್ನು ಒಂದು ಗಳಿಗೆ ನೋಡಿ, ಸರಿ ಎಂದುಬಿಟ್ಟಳು. ನನಗೇ ಆಶ್ಚರ್ಯವಾಯಿತು.

ಕನಕಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಯಾಗು ಮಾರುವ, ಹರಿದ ಬ್ಯಾಗು ಹೊಲಿಯುವ ಒಂದು ಪುಟ್ಟ ಅಂಗಡಿಯಿತ್ತು. ಅಂಗಡಿಯವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ಅವರು ಮೇಲಿನಿಂದ ಕ್ರಿಕೆಟ್ಟಿನ ಬ್ಯಾಗೊಂದನ್ನು ಇಳಿಸಿದರು. ಫಳಫಳ ನೀಲಿ, ತಳದಲ್ಲಿ ಎರಡು ಚಕ್ರ. ನಾನು ಕಣ್ಣಲ್ಲೇ ಅದನ್ನು ಮನೆಗೆ ತಂದುಬಿಟ್ಟಿದ್ದೆ.

"ಚಕ್ರವ ಎಲ್ಲಿ ಉಳ್ಳಿಸೀಯೆ? ನಮ್ಮೂರ ಕೆಸ್ರಲ್ಲಾ?" ಎಂದರು ಅತ್ತಿಗೆ.

ಆಮೇಲೆ ಪ್ರವಾಸದ ಬ್ಯಾಗುಗಳು ಬಂದವು. ಅತ್ತಿಗೆ ಪ್ರತಿಯೊಂದನ್ನೂ ನನ್ನ ಹೆಗಲಿಗೆ ಹಾಕಿ ಅಂಗಡಿಯ ಮೆಟ್ಟಿಲು ಹತ್ತಿಸಿದರು. "ಇದು ಬಸ್ಸು ಅಂದ್ಕೊ. ಒಂದು ಕೈಲಿ ಕಂಬಿ ಹಿಡಿ. ಇನ್ನೊಂದು ಕೈ ಖಾಲಿ ಐತಾ? ಈಗ ತಿರುಗು, ಯಾರ್ಗಾದ್ರೂ ತಿವೀತದಾ ನೋಡು." ನಾನು ಹತ್ತಿದೆ, ಇಳಿದೆ, ತಿರುಗಿದೆ. ಎದುರಿನ ಟೀ ಅಂಗಡಿಯವರೆಲ್ಲ ಲೋಟ ಹಿಡಿದು ನೋಡತೊಡಗಿದರು. ನನಗೆ ನಾಚಿಕೆ, ಅತ್ತಿಗೆಗೆ ಅದರ ಖಬರೇ ಇಲ್ಲ. ಒಂದರ ಬಾಯಿಂದ ಸ್ಟಿಕ್ಕು ಕತ್ತು ಹೊರಗೆ ಹಾಕಿತು, ಇನ್ನೊಂದು ಹೆಗಲಿಂದ ಜಾರಿತು. ಕೊನೆಗೆ ಭಾಯ್ ಕೈಮುಗಿದರು.

"ನೀವೇ ಹೇಳಿಬಿಡಿ ಅಮ್ಮಾ, ನಾನು ಹೊಲಿದು ಕೊಡ್ತೀನಿ."

ಅತ್ತಿಗೆ ಆ ಮಾತಿಗೇ ಕಾದಿದ್ದರೆಂದು ಈಗ ಅನ್ನಿಸುತ್ತದೆ. ಸ್ಟಿಕ್ಕನ್ನು ನೆಲಕ್ಕೆ ಊರಿ, ಅದರ ಮೇಲೊಂದು ಗೇಣಿಟ್ಟು ಉದ್ದ ತೋರಿಸಿದರು. ರೆಕ್ಸಿನ್ ಬೇಡ, ಬೆವರಿನ ಬಟ್ಟೆ ಒಳಗೇ ಮುಗ್ಗಲು ಹಿಡಿಯುತ್ತದೆ, ದಪ್ಪ ಕ್ಯಾನ್ವಾಸೇ ಇರಲಿ ಎಂದರು. ಬೂಟಿಗೆ ತಳದಲ್ಲಿ ಬೇರೆ ಗೂಡು. ಅದರ ಮಣ್ಣು ಊಟದ ಡಬ್ಬಿಗೆ ತಾಗಬಾರದು. ಪಟ್ಟಿ ಅಗಲವಾಗಿ ಎದೆಗೆ ಅಡ್ಡಡ್ಡ ಬರಬೇಕು. ಒಳಗಡೆ ಸ್ಟಿಕ್ಕು ಅಲುಗಾಡದಂತೆ ಸಿಕ್ಕಿಸಲು ಬಟ್ಟೆಯ ಕುಣಿಕೆ. ಭಾಯ್ ಒಂದು ಕುಣಿಕೆ ಹೊಲಿದು ದಾರ ಕತ್ತರಿಸಲು ಹೋದರು.

"ಇನ್ನೊಂದು" ಎಂದರು ಅತ್ತಿಗೆ.

"ಇರೋದು ಒಂದೇ ಕೋಲಲ್ವಾ ಅಮ್ಮಾ?"

"ಇರ್ಲಿ ಭಾಯ್. ಬತ್ತದೆ."

ನಾನು ಅವರ ಮುಖ ನೋಡಿದೆ. ಅವರು ಹೊಲಿಗೆಯನ್ನೇ ನೋಡುತ್ತಿದ್ದರು, ಸೆರಗು ಬಾಯಿಗೆ ಅಡ್ಡ ಇತ್ತು.

ತಾಲ್ಲೂಕು ಪಂದ್ಯದಲ್ಲಿ ನಾವು ಸೋತೆವು, ಅದು ಬೇರೆ ಮಾತು. ಆ ವರ್ಷವೇ ಹಾರೋಹಳ್ಳಿ ಕಡೆಯಿಂದ ಕೈಗಾರಿಕೆಯ ಗಾಳಿ ನಮ್ಮೂರ ತನಕ ಬೀಸಿತು. ಊರಾಚೆಯ ಹುರುಳಿ ಹೊಲಗಳನ್ನೆಲ್ಲ ಕೊಂಡು, ಜೆಸಿಬಿ ತಂದು, ದಿಬ್ಬ ಹಳ್ಳ ಒಂದು ಮಾಡಿದರು. ಕಾರ್ಖಾನೆ ಇನ್ನೂ ಬಂದಿರಲಿಲ್ಲ. ಅಷ್ಟು ಮಟ್ಟಸವಾದ ನೆಲವನ್ನು ನಾವು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜನ ಹೋದ ಹೊಲಕ್ಕೆ ಮರುಗುತ್ತಿದ್ದರೆ, ಅತ್ತಿಗೆ ಅದರ ಅಂಚಿನಲ್ಲಿ ನಿಂತು, "ಎಂಥಾ ಗ್ರೌಂಡ್ ಕಣೇ!" ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಶಾಲೆಗೆ ಹೊಸ ಸ್ಟಿಕ್ಕುಗಳು ಬಂದಿದ್ದವು. ಬಿರುಕುಬಿಟ್ಟ ಹಳೆಯದೊಂದನ್ನು ಮಿಸ್‌ರ ಬಳಿ ಬೇಡಿ ತಂದೆ. ಅತ್ತಿಗೆ ಅದಕ್ಕೆ ಹುರಿ ಬಿಗಿದು, ಹಿಡಿಗೆ ತಮ್ಮ ಹಳೆಯ ಸೀರೆಯ ಅಂಚು ಸುತ್ತಿದರು. ಎರಡನೆಯ ಕುಣಿಕೆ ತುಂಬಿತು.

ಆ ಸಂಜೆಯನ್ನು ಈಗಲೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ. ಹುಲ್ಲು ಕೊಯ್ಯುವ ನೆಪದಲ್ಲಿ ಅತ್ತಿಗೆ ಕುಡುಗೋಲು ಹಿಡಿದು ಬಂದರು. ನಾನು ಬ್ಯಾಗು ಹೊತ್ತು ಹಿಂದೆ ಹೋದೆ. ಹಸಿಹುಲ್ಲಿನ ಎರಡು ಕಟ್ಟು ಇಟ್ಟು ಗೋಲು ಮಾಡಿದೆವು. ಅವರು ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಎಡಗಡೆಯ ಅಂಚು ಹಿಡಿದು ಓಡಿದರು. "ಕೊಡು! ಇತ್ಲಾಗೆ ಕೊಡು!" ನಾನು ಕೊಟ್ಟೆ. ಚೆಂಡು ಅವರ ಸ್ಟಿಕ್ಕಿಗೆ ಅಂಟಿದಂತೆ ಹೋಯಿತು. ಎರಡು ಹುಲ್ಲುಕಟ್ಟುಗಳ ನಡುವೆ ಅದನ್ನು ನೂಕಿ, ಅಲ್ಲೇ ಮಣ್ಣಲ್ಲಿ ಕೂತು ನಕ್ಕರು. ಕೈ ಬಾಯಿಗೆ ಹೋಗಲಿಲ್ಲ. ಅತ್ತಿಗೆ ಅಷ್ಟು ಚೆಂದವೆಂದು ನನಗೆ ಗೊತ್ತೇ ಇರಲಿಲ್ಲ.

ಒಂದು ಸಲ ಸಾಕೆಂದವರು ಆ ಬೇಸಿಗೆಯೆಲ್ಲ ಬಂದರು. ಮನೆಯಲ್ಲಿ ಹುಲ್ಲಿನ ಹೊರೆ ದಿನದಿನಕ್ಕೆ ಸಣ್ಣದಾಗುತ್ತಿತ್ತು, ಸೀರೆಯ ಅಂಚು ಮಣ್ಣು ಹತ್ತಿ ಕೆಂಪಾಗುತ್ತಿತ್ತು. ಒಂದು ಸಂಜೆ ಅವ್ವ ಅಕ್ಕಿ ಆರಿಸುತ್ತ, ತಲೆಯೆತ್ತದೆ ಅಂದಳು: "ಇನ್ನೊಂದು ಹಲ್ಲು ಮುರ್ಕಬ್ಯಾಡ ಕಣಮ್ಮಿ."

ಅತ್ತಿಗೆ ಸರಸರನೆ ಸೀರೆಯ ಅಂಚು ಕೊಡವಿಕೊಂಡರು. ಕುದೂರಿನಲ್ಲಿ ಕಾಫಿ ಕುಡಿಯುವಾಗಲೇ ಅವ್ವನಿಗೆ ಎಲ್ಲ ತಿಳಿದಿತ್ತೋ, ಆಮೇಲೆ ಯಾರಾದರೂ ಹೇಳಿದರೋ, ಅವಳು ಕೊನೆಯವರೆಗೂ ಬಾಯಿಬಿಡಲಿಲ್ಲ.

ಮಳೆಗಾಲಕ್ಕೆ ಮುಂಚೆ ಬೇಲಿ ಬಂತು, ಆಮೇಲೆ ಗೋಡೆ, ಗೋಡೆಯ ಹಿಂದೆ ಬಟ್ಟೆ ಹೊಲಿಯುವ ಕಾರ್ಖಾನೆ. ಅತ್ತಿಗೆ ಅದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. "ನನ್ ಮಿಷನ್ ಎಲ್ಲೈತೆ ಗೊತ್ತೇನೆ? ನಮ್ಮ ಗೋಲ್ ತಾವ್ಲೇಯ" ಎಂದು ನಗುತ್ತಿದ್ದರು. ನಗು ಮತ್ತೆ ಸೆರಗಿನ ಹಿಂದೆ ಸೇರಿತ್ತು. ನಾನು ಕಾಲೇಜು ಮುಗಿಸಿ ಪಿ.ಟಿ. ಟೀಚರಾಗುವವರೆಗೂ ನನ್ನ ಬೂಟು, ಬಸ್ಸು, ಊಟದ ಡಬ್ಬಿ ಎಲ್ಲದರ ಹಿಂದೆ ಅವರ ದುಡಿಮೆಯಿತ್ತು. ಆಡಲು ಮಾತ್ರ ಮತ್ತೆ ಎಂದೂ ನೆಲ ಸಿಗಲಿಲ್ಲ, ಹೊತ್ತೂ ಸಿಗಲಿಲ್ಲ.

ಹೊಟ್ಟೆಯ ನೋವನ್ನು ಯಾರಿಗೂ ಹೇಳದೆ ದುಡಿದರು. ಹೇಳುವ ಹೊತ್ತಿಗೆ ಕೈಮೀರಿತ್ತು. ರಾಮನಗರದ ಆಸ್ಪತ್ರೆಗೆ ನಾನು ಅದೇ ಬ್ಯಾಗು ಹೊತ್ತು ಶಾಲೆಯಿಂದ ನೇರ ಹೋದಾಗ, ಮಂಚದ ಮೇಲೆ ಅದನ್ನು ಇಡಿಸಿಕೊಂಡು ಒಳಗೆ ಕೈಯಾಡಿಸಿದರು. "ಕುಣಿಕೆ ಸವ್ದೋಗೈತೆ. ಭಾಯ್ ತಾವ ಹೊಲ್ಸು" ಎಂದರು. ಆ ವಾರ ದಾಟಲಿಲ್ಲ. ಅತ್ತಿಗೆ ಎಂದು ಕರೆಯಲು ನನಗೆ ಇನ್ನಾರೂ ಇಲ್ಲ. ಒಬ್ಬಳೇ ಇರುವಾಗ ಸುಮ್ಮನೆ ಒಂದು ಸಲ ಕರೆದು ನೋಡುತ್ತೇನೆ.

ಹೇಳಿದ ಕೆಲಸ ಮಾಡಲು ಮನಸ್ಸು ಗಟ್ಟಿಯಾಗಲು ಬಹಳ ದಿನ ಬೇಕಾಯಿತು. ಮೊನ್ನೆ ಕನಕಪುರಕ್ಕೆ ಹೋದೆ. ಭಾಯ್ ಗಡ್ಡ ಪೂರಾ ಬೆಳ್ಳಗಾಗಿದೆ. ಬ್ಯಾಗು ನೋಡಿ, "ಇದು ನನ್ನ ಕೈದೇ ಹೊಲಿಗೆ" ಎಂದು ಗುರುತು ಹಿಡಿದರು. ಒಳಗೆ ಇಣುಕಿ, ಎರಡನೆಯ ಕುಣಿಕೆ ಪೂರ್ತಿ ಕಿತ್ತುಹೋಗಿದೆ, ತೆಗೆದುಬಿಟ್ಟರೆ ಬ್ಯಾಗು ಹಗುರವಾಗುತ್ತದೆ ಎಂದರು.

"ಬೇಡ ಭಾಯ್. ಅದು ನಮ್ಮತ್ತಿಗೇದು. ಗಟ್ಟಿಯಾಗಿ ಹೊಲಿದುಕೊಡಿ."

ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಓ, ಅವತ್ತು ನಿಮ್ಮನ್ನ ಮೆಟ್ಟಿಲು ಹತ್ತಿಸಿ ಇಳಿಸಿದ್ರಲ್ಲ, ಆ ಅಮ್ಮಾನಾ? ಅವ್ರೂ ಆಡ್ತಿದ್ರಾ?"

"ಆಡ್ತಿದ್ರು ಭಾಯ್" ಎಂದೆ. "ಲೆಫ್ಟ್ ವಿಂಗ್."