ಮುಂದಿನ ಸೀಟು

ಭಾನುವಾರ ಮಧ್ಯಾಹ್ನವಾಯಿತೆಂದರೆ ಇಂಗ್ಲೆಂಡಿನ ನಮ್ಮ ಕಡಲೂರಿನ ನಿವೃತ್ತ ಬಸ್ ಚಾಲಕ ಹೊರೇಸ್ ಪಿಕರಿಂಗ್ ತಮ್ಮ ಹಳೇ ಕಾರನ್ನು ದಂಡೆಗೆ ತಂದು, ಅದರ ಮೂತಿಯನ್ನು ಸಮುದ್ರಕ್ಕೆ ತಿರುಗಿಸಿ, ಇಳಿಯದೆ ಒಳಗೇ ಕೂತುಬಿಡುತ್ತಾರೆ. ಅಕ್ಕಪಕ್ಕದ ಕಾರುಗಳಲ್ಲೂ ನಮ್ಮಂಥವರೇ. ಗಾಳಿ ಹೊರಗೆ, ಫ್ಲಾಸ್ಕಿನ ಚಹಾ ಒಳಗೆ. ಅಲೆ ನೋಡಿ ಒಂದು ನಿಟ್ಟುಸಿರು, ಬಿಸ್ಕತ್ತು ಅದ್ದಿ ಒಂದು ಕಿರುನಗೆ, ಮತ್ತೆ ನಿಟ್ಟುಸಿರು. "ಹೆಂಡ್ತಿ ನೆನಪಾಗಿ ದುಃಖವೇನ್ರೀ?" ಎಂದು ಯಾರಾದರೂ ಕೇಳಿದರೆ ರೇಗುತ್ತಾರೆ: "ದುಃಖ ಅಲ್ಲಪ್ಪಾ, ವಿಸ್ಟ್‌ಫುಲ್, ಒಂಥರಾ ಸಿಹಿಯಾದ ಹಂಬಲ! ದುಃಖ ಆದ್ರೆ ಚಹಾನೂ ಬೇಡ ಅನ್ಸುತ್ತೆ. ವಿಸ್ಟ್‌ಫುಲ್ ಆದ್ರೆ ಇನ್ನೊಂದು ಬಿಸ್ಕತ್ತು ಬೇಕು ಅನ್ಸುತ್ತೆ." ಮುಗಿದ ಬೇಸಿಗೆಗೂ, ಬಾಗಿಲು ಹಾಕಿದ ಐಸ್‌ಕ್ರೀಂ ಅಂಗಡಿಗೂ ಅವರಲ್ಲಿ ಅದೊಂದೇ ಪದ, ಹುಳುಕು ಹಲ್ಲು ಕೀಳಿಸಿಕೊಂಡು ಬಂದ ದಿನವೂ, "ಖಾಲಿ ಜಾಗಕ್ಕೆ ನಾಲಿಗೆ ತಾಗಿದ್ರೆ ಒಂಥರಾ ವಿಸ್ಟ್‌ಫುಲ್" ಎಂದಿದ್ದರು. ಮೊನ್ನೆ ಪಕ್ಕದ ಮನೆಯ ಬೆರಿಲ್, "ನನ್ನನ್ನೂ ಕರ್ಕೊಂಡ್ಹೋಗ್ರೀ" ಎನ್ನುತ್ತ ಮುಂದಿನ ಸೀಟಿಗೆ ಹತ್ತಿದರು. ಮಂಡಿ ಹೋಗಿ ಗದ್ದಕ್ಕೆ ತಾಗಿತು. ಗಿಡ್ಡನೆಯ ಹೆಂಡತಿ ಐವಿಗೆಂದು ತೀರ ಮುಂದಕ್ಕೆ ಎಳೆದಿಟ್ಟ ಸೀಟು ಅದು, ಆಕೆ ತೀರಿಕೊಂಡ ಮೇಲೂ ಹಾಗೇ ಇತ್ತು. "ಇದೇನ್ರೀ, ಮಕ್ಕಳ ಸೀಟಾ?" ಎಂದು ಬೆರಿಲ್ ಅದನ್ನು ಹಿಂದಕ್ಕೆ ಸರಿಸಲು ಕೆಳಗಿನ ಹಿಡಿಗೆ ಕೈಹಾಕಿದಾಗ ಪಿಕರಿಂಗರ ಕೈ ಕಾರಿನ ಗೇರ್ ಮೇಲೆಯೇ ನಿಂತಿತು, ಬಾಯಿಗೆ ಆ ಪದವೂ ಬರಲಿಲ್ಲ. ಬೆರಿಲ್ ಪಿಕರಿಂಗರ ಮುಖ ನೋಡಿದರು. ಹಿಡಿ ಬಿಟ್ಟು, ಇಳಿದು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರು. "ನಡೀರಿ ಡ್ರೈವರ್ರೇ, ಸಮುದ್ರಕ್ಕೆ ಒಂದು ಟಿಕೆಟ್. ಬಿಸ್ಕತ್ತಿನ ಡಬ್ಬ ಮಾತ್ರ ಈ ಕಡೆ ಕೊಡಿ."