ಹಿತ್ತಲ ಕೋಣೆಗೆ ಎಳೆದ ವೈರು

ಮೊನ್ನೆ ಮಿಕ್ಸಿಯ ಮೋಟಾರು ಸುಟ್ಟು ಅಡುಗೆಮನೆ ತುಂಬ ಪ್ಲಾಸ್ಟಿಕ್ ಕಮಟು ಹರಡಿತು. ಚಟ್ನಿ ಹಾಳಾಯಿತಲ್ಲ ಎಂದು ಗೊಣಗುವುದೂ ಮರೆತುಹೋಯಿತು. ನಾನು ಅಕ್ಕಾ ಎಂದು ಕರೆಯುತ್ತಿದ್ದ ಓರಗಿತ್ತಿ ನೆನಪಾದಳು... ಎಷ್ಟು ವರ್ಷವಾಯಿತು!

ನಂಜನಗೂಡಿನ ಈ ಮನೆಗೆ ನಾನು ಕಿರಿಸೊಸೆಯಾಗಿ ಬಂದಾಗ ಅವಳು ಹಿರಿಸೊಸೆ. ಹೆಮ್ಮಿಗೆಯವಳು, ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದವಳು. ತಿ. ನರಸೀಪುರದ ಕಾಲೇಜೊಂದರ ಲ್ಯಾಬಿಗೆ ಕೆಲಸಕ್ಕೆ ಕರೆದಿದ್ದರು. ಕೂತರೂ ನಿಂತರೂ ಅವಳಿಗೆ ಅದೇ ಜಪ. ಅವಳ ಗಂಡ, ಅಂದರೆ ನಮ್ಮ ಭಾವನವರು, ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು.

"ಕಂಪ್ಯೂಟ್ರು ತಾನೆ ನಿಂಗೆ ಬೇಕಿರದು? ಮನೇಲೇ ಆಕುಸ್ತೀನಿ. ಇಂಟರ್‌ನೆಟ್ಟು ಗಿಂಟರ್‌ನೆಟ್ಟು ಮಾತ್ರ ಕೇಳ್ಬ್ಯಾಡ. ಸಂಸಾರಸ್ಥರ ಮನೆ ಇದು."

ಮುಚ್ಚಿದ ಯಾವುದೋ ಆಫೀಸಿನಿಂದ ಹಳೇ ಕಂಪ್ಯೂಟರುಗಳನ್ನು ಹೊತ್ತು ತಂದರು. ಅವಳು ಸೆರಗು ಬಿಗಿದು ತಾನೇ ವೈರು ಎಳೆದಳು. ಹಜಾರದ ಕಂಪ್ಯೂಟರಿನಲ್ಲಿಟ್ಟ ಹಾಡು, ಸಿನಿಮಾ ಎಲ್ಲವೂ ಮಹಡಿಯಲ್ಲೂ ಅಡುಗೆಮನೆಯಲ್ಲೂ ಬರುವಂತಾಯಿತು. ವೈರುಗಳೆಲ್ಲ ಹಜಾರದ ಗೂಡಿನಲ್ಲಿದ್ದ ಒಂದು ಪುಟ್ಟ ಡಬ್ಬಿಗೆ ಬಂದು ಸೇರುತ್ತಿದ್ದವು. ಅದಕ್ಕೆ ಸ್ವಿಚ್ಚು ಅನ್ನುತ್ತಿದ್ದಳು. ಬೀದಿಯವರೆಲ್ಲ ಬಂದು ನೋಡಿ ಭಾವನವರನ್ನು ಹೊಗಳಿ ಹೋದರು, ಅವಳನ್ನಲ್ಲ!

"ಈ ಮನೆಯೋರು ಎಲ್ಲಾರ್ ಜೊತೆನೂ ಮಾತಾಡ್ಬೌದು ಕಣೇ, ಆಚೆಯೋರ ಜೊತೆ ಒಂದು ಬುಟ್ಟು," ಎಂದು ನಕ್ಕಳು. ಆ ನಗು ಕೇಳಿ ನನಗೆ ಸಂಕಟವಾಯಿತು.

ತಿಂಗಳ ಮೂರು ದಿನ ನಾವು ಹೊರಗೆ ಕೂರುವ ಕೋಣೆ ಹಿತ್ತಲಲ್ಲಿತ್ತು. ಊಟದ ತಟ್ಟೆಯನ್ನು ದೂರದಿಂದಲೇ ತಳ್ಳುತ್ತಿದ್ದರು. ಹಳೇ ಕಂಪ್ಯೂಟರೊಂದನ್ನು ಅಲ್ಲಿಟ್ಟು, ಅಲ್ಲಿಗೂ ಒಂದು ವೈರು ಎಳೆದಳು. ಅಲ್ಲಿ ಕೂತು "ಸಾರಿಗೆ ಉಪ್ಪು ಕಮ್ಮಿ ಕಣೇ" ಎಂದು ಟೈಪು ಮಾಡಿದರೆ ಅಡುಗೆಮನೆಯ ಪರದೆಯಲ್ಲಿ ಬರುತ್ತಿತ್ತು. ಬೈಗುಳ, ತಮಾಷೆ, ಅಳು, ಏನೆಲ್ಲ ಬರೆಯುತ್ತಿದ್ದಳು! ಅವಳ ಆ ಮೂರು ದಿನಕ್ಕಾಗಿ ನಾನು ಕಾಯುತ್ತಿದ್ದೆ ಅಂದರೆ ನಂಬುತ್ತೀರಾ?

ಅತ್ತೆಗೆ ಅನುಮಾನ ಹತ್ತಿತು. "ವೈರ್ ಒಳಗಿಂದ ಮೈಲ್ಗೆ ಅಡ್ಗೆಮನೆಗೆ ಬರಾಕಿಲ್ವೇನವ್ವಾ?"

"ಬರೀ ಅಕ್ಸರ ಬತ್ತವೆ ಅತ್ತೆ," ಎಂದಳು ಅವಳು.

ಅತ್ತೆ ನಂಬಲಿಲ್ಲ. ಒಂದು ಸೋಮವಾರ, ನಂಜುಂಡೇಶ್ವರನ ದಿನ ಬೇರೆ, ಓರಗಿತ್ತಿ ಹೊರಗೆ ಕೂತಿದ್ದಳು. ಅತ್ತೆ ಚೊಂಬಿನಲ್ಲಿ ಗಂಜಲ ತಂದು ಆ ಸ್ವಿಚ್ಚಿನ ಮೇಲೆ ಧಾರಾಳವಾಗಿ ಸುರಿದು ಶುದ್ಧ ಮಾಡಿದರು. ಚಟಚಟ ಅಂದಿತು, ಹೊಗೆ ಎದ್ದಿತು, ಮನೆಯೆಲ್ಲ ಸುಟ್ಟ ವಾಸನೆ. ಅಡುಗೆಮನೆಗೆ ಬರುತ್ತಿದ್ದ ಅವಳ ಮಾತು ಅಲ್ಲಿಗೇ ನಿಂತುಹೋಯಿತು.

ಭಾವನವರು ಸ್ನಾನ ಮಾಡಿ, ಮಡಿಯುಟ್ಟು ಗುಡಿಗೆ ಹೊರಟಿದ್ದರು. "ಪೀಡೆ ತೊಲಗ್ತು ಬುಡು. ಇನ್ನು ಬ್ಯಾರೆ ತರಾಕಿಲ್ಲ," ಎಂದರು.

ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ಅವಳು ಅದನ್ನು ಕೇಳಿಸಿಕೊಂಡಳು. "ಅಂಗಾದ್ರೆ ನಾನು ಕಾಲೇಜ್ ಕೆಲ್ಸಕ್ಕೆ ಓಯ್ತೀನಿ."

"ಓದ್ರೆ ಅಂಗೇ ಓಗು. ವಾಪಸ್ ಬರ್ಬ್ಯಾಡ."

ಹಿತ್ತಲಿನಿಂದಲೇ ಬೀದಿಗೆ ಓಣಿಯಿತ್ತು. ಅವಳು ಅತ್ತ ಹೋಗಲಿಲ್ಲ. ಸೀದಾ ಒಳಗೆ ಕಾಲಿಟ್ಟಳು. ಅಡುಗೆಮನೆ ದಾಟಿದಳು, ದೇವರ ಕೋಣೆಯ ಮುಂದೆ ನಡೆದಳು. ಅತ್ತೆ "ಶಿವ ಶಿವಾ" ಎಂದು ಗೋಡೆಗೆ ಅಂಟಿಕೊಂಡರು. ಹಜಾರದಲ್ಲಿ ಭಾವನವರು ಅಡ್ಡ ನಿಂತು, ಮುಂಬಾಗಿಲಿಗೆ ಹೋಗದಂತೆ ತಡೆಯಲು ಕೈ ಚಾಚಿದರು. ಮುಟ್ಟಿದರೆ ಮಡಿ ಕೆಟ್ಟೀತು! ಚಾಚಿದ ಕೈ ಹಾಗೇ ನಿಂತಿತು. ಅವಳು ನಡೆದುಬಂದ ಹಾಗೆಲ್ಲ ಅವರೇ ಹಿಂದೆ ಹಿಂದೆ ಸರಿದು, ಕೊನೆಗೆ ಪಕ್ಕಕ್ಕೆ ನಿಂತು ದಾರಿ ಬಿಟ್ಟರು. ಅವಳು ಹೊಸ್ತಿಲ ಮೇಲೆ ನಿಂತು ನನ್ನ ಕಡೆ ಒಮ್ಮೆ ನೋಡಿದಳು... ಹೋದಳು.

ಆಮೇಲೆ ಈ ಮನೆಯಲ್ಲಿ ಅವಳ ಸುದ್ದಿ ಎತ್ತಿದವರಿಲ್ಲ. ಆ ಕೆಲಸ ಸಿಕ್ಕಿತೆಂದು ಯಾರೋ ಅಂದರು, ಸಿಗಲಿಲ್ಲವೆಂದು ಇನ್ನಾರೋ ಅಂದರು. ನಾನು ಎಷ್ಟು ಕಣ್ಣೀರು ಹಾಕಿದೆನೋ. ನನ್ನನ್ನು ಒಬ್ಬಳನ್ನೇ ಬಿಟ್ಟುಹೋದಳಲ್ಲ ಎಂಬ ಸಿಟ್ಟು ಇವತ್ತಿಗೂ ಇದೆ.

ಅತ್ತೆ ತೀರಿಕೊಂಡರು. ಭಾವನವರು ಮೆತ್ತಗಾಗಿದ್ದಾರೆ, ನನ್ನ ಗಂಡ ಯಾವುದಕ್ಕೂ ಅಡ್ಡ ಬಂದವರಲ್ಲ. ಈಗ ನನ್ನ ಕೈಯಲ್ಲೂ ಇಂಟರ್‌ನೆಟ್ ಇರುವ ಫೋನಿದೆ, ಹುಡುಕಿದರೆ ಸಿಕ್ಕಾಳು. ಅವಳ ಹೆಸರು ಬರೆಯುತ್ತೇನೆ, ಅಳಿಸುತ್ತೇನೆ. ಅವಳು ಸಿಕ್ಕಿ, "ನೀನೂ ಬಂದ್ಬುಡೇ" ಅಂದುಬಿಟ್ಟರೆ? ಬಾಗಿಲಿಗೆ ಅಡ್ಡ ನಿಲ್ಲುವವರು ಈಗ ಯಾರೂ ಇಲ್ಲ. ಆದರೂ ನನ್ನ ಕಾಲು ಏಳುವುದಿಲ್ಲವಲ್ಲ, ಅಕ್ಕಾ.