ಒಬ್ಬನೇ ಹೋಗಬಾರದ ಹುಡುಗ

ಆ ಇಬ್ಬರು ಹುಡುಗರು ನನ್ನ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ದಿನವೇ ನಾನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ: “ನಿಮ್ಮ ದೇವರನ್ನ ನಿಮ್ಮ ಹತ್ರಾನೇ ಇಟ್ಕೊಳ್ಳಿ. ನನಗೆ ಇರೋ ದೇವರ ಕಾಟವೇ ಸಾಕಾಗಿದೆ.”

ಉದ್ದನೆಯವನು ನಕ್ಕು, “ತಮ್ಮ ಇಚ್ಛೆಯಂತೆಯೇ ಆಗಲಿ ಅಮ್ಮಾ” ಎಂದ. ಕಡಲಾಚೆಯ ಹುಡುಗ, ನಮ್ಮ ಮಾತನ್ನು ಪುಸ್ತಕದಿಂದ ಕಲಿತಿದ್ದ. ಬಾಯಿ ತೆರೆದರೆ ಪಾಠ ಒಪ್ಪಿಸಿದ ಹಾಗೆ. ಎತ್ತರ ನೋಡಿ ಬೀದಿಯವರು ಅವನಿಗೆ ಏಣಿ ಎಂದು ಹೆಸರಿಟ್ಟರು, ಜೊತೆಯವನಿಗೆ ಗುಂಡ. ಇನ್ನೂ ಮೀಸೆ ನೆಟ್ಟಗೆ ಬಾರದ ಧರ್ಮಪ್ರಚಾರಕರು. ಎರಡು ವರ್ಷ ಪರದೇಶದಲ್ಲಿ ಸೇವೆ ಮಾಡಿ ಬರುತ್ತೇವೆಂದು ಮನೆಬಿಟ್ಟು ಬಂದವರು.

ಸೋಮವಾರ ಅವರ ಬಿಡುವು. ಒಗೆದ ಬಿಳಿ ಅಂಗಿಗಳು ನನ್ನ ಮೇಜಿಗೆ ಬರುತ್ತಿದ್ದವು. ಆ ಮೇಜಿನ ಮೂಲೆಯಲ್ಲೇ ಫೋನು ಒರಗಿಸಿಟ್ಟು ಮನೆಯವರ ಮುಖ ನೋಡಿ ಮಾತಾಡುತ್ತಿದ್ದರು, ವಾರಕ್ಕೆ ಅದೊಂದೇ ಸಲ. ಮಂಗಳವಾರದಿಂದ ಮನೆಮನೆಯ ಬಾಗಿಲು ತಟ್ಟುವುದು. ಮುಖಕ್ಕೆ ಬಡಿದಂತೆ ಬಾಗಿಲು ಹಾಕುವವರೇ ಹೆಚ್ಚು, ತೆರೆದ ಮನೆಯಲ್ಲಿ ನಾಯಿ. ಭಾನುವಾರ ಪ್ರಾರ್ಥನೆ, ಸಂಜೆ ದೊಡ್ಡ ಪಟ್ಟಣದಲ್ಲಿದ್ದ ಅವರ ಹಿರಿಯರಿಗೆ ಫೋನಿನಲ್ಲಿ ವಾರದ ವರದಿ. ಇಷ್ಟರ ಮೇಲೆ ಒಂದು ಕಟ್ಟುನಿಟ್ಟಿನ ನಿಯಮ: ಮನೆಯಿಂದ ಹೊರಟರೆ ಒಬ್ಬರ ಕಣ್ಣಳತೆ ಬಿಟ್ಟು ಇನ್ನೊಬ್ಬರು ಹೋಗಬಾರದು. “ಗಂಡ ಹೆಂಡ್ತೀನೂ ಹೀಗೆ ಅಂಟ್ಕೊಂಡಿರಲ್ಲ ಕಣ್ರೋ” ಎಂದು ನಾನು ಕಾಲೆಳೆಯುತ್ತಿದ್ದೆ.

ನಗುವ ವಿಷಯವಲ್ಲ ಎಂದು ಆಮೇಲೆ ಗೊತ್ತಾಯಿತು. ಒಮ್ಮೆ ನನ್ನ ಗಿರಾಕಿಯ ಕೋಟು ಕದ್ದವನ ಹಿಂದೆ ಏಣಿ ಒಬ್ಬನೇ ಓಡಿದ್ದ. ಕೋಟು ಸಿಕ್ಕಿತು, ಹಿರಿಯರಿಂದ ಎಚ್ಚರಿಕೆಯೂ ಸಿಕ್ಕಿತು: ಇನ್ನೊಮ್ಮೆ ಹೀಗಾದರೆ ಮನೆಗೆ ವಾಪಸ್.

“ಹೋದ್ರೆ ಹೋದೆ, ಅಮ್ಮನ ಕೈಯೂಟ ಸಿಗುತ್ತೆ” ಎಂದೆ.

ಹುಡುಗನ ಮುಖ ಇಳಿಯಿತು. “ನನ್ನ ಅಣ್ಣ ಸೇವೆಯ ಅರ್ಧದಲ್ಲಿಯೇ ಹಿಂದಿರುಗಿದನು ಅಮ್ಮಾ. ಅಂದಿನಿಂದ ತಂದೆಯವರು ಅವನೊಂದಿಗೆ ಊಟಕ್ಕೆ ಕುಳಿತುಕೊಳ್ಳುವುದಿಲ್ಲ.” ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಯಾಕಾದರೂ ಅಂದೆನೋ ಎನಿಸಿತು.

ಬುಧವಾರ ಅವರದು ಬೀಗದಜ್ಜನ ಮನೆಗೆ ನೀರು ಹೊರುವ ಕೆಲಸ. ಇಳಿಜಾರು ಬೀದಿಯ ತುದಿಯ ಕಟ್ಟಡದಲ್ಲಿ ಮೂರನೆಯ ಮಹಡಿ, ಹಿಂದೆ ಮುಂದೆ ಯಾರೂ ಇಲ್ಲದ ಮುದುಕ. ಜೀವನವಿಡೀ ಬೀಗ ರಿಪೇರಿ ಮಾಡಿದವನು, ತನ್ನ ಮನೆಗೆ ಮಾತ್ರ ಬೀಗ ಹಾಕುತ್ತಿರಲಿಲ್ಲ. “ಬೀಗಾನ ಯಾವನು ಬೇಕಾದ್ರೂ ತೆಗೀತಾನೆ” ಎಂದು ಬಾಗಿಲ ನೆತ್ತಿಗೆ ಒಳಗಿನಿಂದ ದಪ್ಪ ಚಿಲಕ ಜಡಿದಿದ್ದ. ಅದೊಮ್ಮೆ ಸಿಕ್ಕಿಕೊಂಡಾಗ ಬಾಗಿಲ ಮೇಲಿನ ಗಾಜಿನ ಗವಾಕ್ಷಿಯಿಂದ ಕೈ ಇಳಿಸಿ ತೆಗೆದವನು ಏಣಿಯೇ. ಹುಡುಗರ ಹೆಜ್ಜೆ ಮೆಟ್ಟಿಲ ಬುಡದಲ್ಲಿ ಕೇಳಿದರೆ ಸಾಕು, ಮುದುಕ ಮೇಲಿನಿಂದಲೇ ಶುರು: “ಬಂದ್ರಾ, ದೇವರ ದಲ್ಲಾಳಿಗಳು!” ಬೈಗುಳ ಕೇಳಿದ ಮೇಲೇ ಅವರು ಕೊಡ ಎತ್ತುತ್ತಿದ್ದರು.

ಆ ಬುಧವಾರ ಗುಂಡನಿಗೆ ಕೆಂಡದಂಥ ಜ್ವರ. ಏಣಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕಲು ನೀರಿಗೆಂದು ಕೆಳಗೆ ಬಂದಾಗ, ಪೇಪರಿನವನು ನನ್ನ ಅಂಗಡಿಯಲ್ಲಿ ಹೇಳುತ್ತಿದ್ದ: “ಬೀಗದಜ್ಜನ ಬಾಗಿಲಲ್ಲಿ ನಿನ್ನೆ ಪೇಪರ್ ಹಾಗೇ ಬಿದ್ದಿದೆ. ಎಲ್ಲೋ ಹೋಗಿರ್ಬೇಕು ಮುದುಕ.”

ಎಲ್ಲಿಗೆ ಹೋಗುತ್ತಾನೆ? ಏಣಿಯೂ ನಾನೂ ಮುಖ ಮುಖ ನೋಡಿಕೊಂಡೆವು.

“ಓಡು, ನೋಡ್ಕೊಂಡು ಬಾ. ಗುಂಡನನ್ನ ನಾನು ನೋಡ್ಕೋತೀನಿ.”

ಅವನು ಬಾಗಿಲವರೆಗೆ ಹೋದ, ನಿಂತ, ತಿರುಗಿದ. “ಅಮ್ಮಾ, ತಮ್ಮ ಗಾಡಿಯನ್ನು ಕೊಡುವಿರಾ?”

ಬಟ್ಟೆ ಸಾಗಿಸುವ ನನ್ನ ತಳ್ಳುಗಾಡಿ! ಅದರಲ್ಲಿ ಹಾಸಿಗೆ ಹಾಸಿ, ಗುಂಡನನ್ನು ಎರಡು ಕಂಬಳಿಯಲ್ಲಿ ಸುತ್ತಿ ಮಲಗಿಸಿ, ಬೀದಿಯಲ್ಲಿ ತಳ್ಳಿಕೊಂಡು ಹೊರಟೇಬಿಟ್ಟ. ಕಣ್ಣಳತೆ ಬಿಡಬಾರದಲ್ಲ! “ಹುಚ್ಚು ಮುಂಡೇದೇ, ಜ್ವರದ ಹುಡುಗ ಸತ್ತೋಗ್ತಾನೆ ಕಣೋ” ಎಂದು ಬೈಯುತ್ತ ನಾನೂ ಹಿಂದೆ ಓಡಿದೆ, ಮೊಣಕಾಲು ಹಿಡಿದುಕೊಂಡು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದು, “ಇಸ್ತ್ರಿಯಮ್ಮ, ಇವನನ್ನೂ ಮಡಚಿ ಕೊಡ್ತೀರಾ?” ಎಂದ.

ಕಟ್ಟಡದವರೆಲ್ಲ ಕೆಲಸಕ್ಕೆ ಹೋಗಿದ್ದರು. ನಾವು ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಟ್ಟೆವು. ಮೇಲಿನಿಂದ ಬೈಗುಳ ಬರಲಿಲ್ಲ.

“ಅಜ್ಜಾ!” ಎಂದು ಏಣಿ ಕೂಗಿದ. ಸದ್ದಿಲ್ಲ.

ಗುಂಡನನ್ನು ಬೆನ್ನಿಗೆ ಹಾಕಿಕೊಂಡು ಹತ್ತಲು ನೋಡಿದ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಗುಂಡ ಅವನ ಹೆಗಲ ಮೇಲೆ ವಾಂತಿ ಮಾಡಿ ಜಾರಿ ಕುಸಿದ. ಅವರ ಭಾಷೆಯಲ್ಲಿ ಏನೋ ಹೇಳಿ ಕೈಯಿಂದ ಮೇಲಕ್ಕೆ ತೋರಿಸಿದ. ಏಣಿ ಮಾತ್ರ ಕಂಬಿ ಹಿಡಿದು ನಿಂತೇ ಇದ್ದ. ಅವನ ಕಣ್ಣ ಮುಂದೆ ಯಾವ ಊಟದ ಮೇಜು ಇತ್ತೆಂದು ನನಗೆ ಗೊತ್ತಿತ್ತು. ಆದರೂ ಕೂಗಿದೆ: “ಹೋಗೋ! ಆ ಚಿಲಕಕ್ಕೆ ಇನ್ಯಾರ ಕೈ ಎಟುಕುತ್ತೋ!”

ಅವನು ಹೋದ.

ಗುಂಡನ ತಲೆ ನನ್ನ ತೊಡೆಯ ಮೇಲಿತ್ತು. ಮೇಲೆ ಬಾಗಿಲು ಗುದ್ದಿದ ಸದ್ದು, ಗಾಜು ಒಡೆದ ಸದ್ದು. ಆಮೇಲೆ ಕೂಗು: “ಅಮ್ಮಾ, ಅಜ್ಜ ಬಿದ್ಬಿಟ್ಟಿದ್ದಾನೆ! ಉಸಿರಿದೆ! ಮಾತಾಡ್ತಿಲ್ಲ!” ಆ ಹುಡುಗ ನಮ್ಮ ಹಾಗೆ ಮಾತಾಡಿದ್ದು ಅದೇ ಮೊದಲು.

ಮುದುಕನನ್ನು ಹೊತ್ತು ಇಳಿದು ಬಂದ. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮುದುಕನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಗಾಡಿಯಲ್ಲಿ ಒಬ್ಬರಿಗೇ ಜಾಗ, ಆಸ್ಪತ್ರೆಗೆ ಪೂರ್ತಿ ಏರುದಾರಿ, ತಳ್ಳಲು ನನ್ನ ಕಾಲಲ್ಲಿ ಕಸುವಿಲ್ಲ. ಏಣಿ ಗುಂಡನ ಕಡೆ ಒಮ್ಮೆ ನೋಡಿದ, ಗಾಡಿ ತಳ್ಳಿದ. ಬೀದಿಯ ತಿರುವಿನಲ್ಲಿ ಮರೆಯಾದ.

ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಶನಿವಾರ ನಾನು ಆಸ್ಪತ್ರೆಗೆ ಹೋದಾಗ ಮುದುಕ ಸೊಟ್ಟ ಬಾಯಲ್ಲೇ ನರ್ಸಿಗೆ ಬೈಯುತ್ತಿದ್ದ. ಗುಂಡನ ಜ್ವರವೂ ಇಳಿದಿತ್ತು.

ಭಾನುವಾರ ವರದಿಯ ಹೊತ್ತಿಗೆ ನಾನು ಮೇಲೆ ಹೋಗಿ ಏಣಿಯ ಮುಂದೆ ಕೂತೆ. “ಯಾರು ನೋಡಿದ್ರು ಹೇಳು? ಗಾಡಿ ತಳ್ಳಿದ್ದು ನಾನೇ ಅಂತ ಸಾಕ್ಷಿ ಹೇಳ್ತೀನಿ. ಬಾಯ್ಮುಚ್ಚಿಕೊಂಡಿರು, ನಿನ್ನ ಕಾಲಿಗೆ ಬೀಳ್ತೀನಿ.” ಸತ್ಯಹರಿಶ್ಚಂದ್ರನ ತುಂಡು! ನನ್ನ ಎದುರಿಗೇ ಫೋನು ಎತ್ತಿ ಎಲ್ಲ ಒಪ್ಪಿಸಿದ.

ಸೋಮವಾರ ಬೆಳಿಗ್ಗೆ ಹಿರಿಯರ ಉತ್ತರ ಬಂತು: ಪೆಟ್ಟಿಗೆ ಕಟ್ಟು.

ಅವರ ನಿಯಮಕ್ಕೆ ಬೆಂಕಿ ಹಾಕ! ಒಂದು ಜೀವ ಉಳಿಸಿದವನಿಗೆ ಸಿಗುವ ಮರ್ಯಾದೆಯೇ ಇದು? ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಏಣಿ ಮಾತ್ರ ಒಗೆದ ಅಂಗಿಗಳನ್ನು ತಂದು ಮೇಜಿಗಿಟ್ಟ, ಫೋನು ಒರಗಿಸಿದ. ಅತ್ತ ಊಟದ ಹೊತ್ತು. ಅವನ ಅಪ್ಪ ಅಮ್ಮ ಮೇಜಿಗೆ ಕೂತಿದ್ದರು. ಇವನು ಮಾತಾಡುತ್ತಾ ಹೋದ. ಭಾಷೆ ನನಗೆ ತಿಳಿಯದು, ಆದರೆ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದದ್ದು ಕಂಡಿತು. ಅಪ್ಪ ಎದ್ದು ಹೊರಟುಹೋದ.

ಏಣಿ ಆ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಸುಟ್ಟ ವಾಸನೆ ಬಂದಾಗಲೇ ಅಂಗಿಯ ಮೇಲಿದ್ದ ಇಸ್ತ್ರಿ ಪೆಟ್ಟಿಗೆ ಎತ್ತಿದೆ.

ಅಪ್ಪ ಮರಳಿ ಬಂದ, ಒಬ್ಬನ ರಟ್ಟೆ ಹಿಡಿದುಕೊಂಡು. ಇವನಷ್ಟೇ ಎತ್ತರದ ಹುಡುಗ, ತಲೆ ತಗ್ಗಿಸಿದ್ದ. ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಟ್ಟೆಯನ್ನು ಅವನ ಮುಂದೆ ತಳ್ಳಿ, ಅಪ್ಪ ಫೋನಿನ ಕಡೆ ಬಾಗಿ ಏನೋ ಕೇಳಿದ. ಏಣಿ ಅಳುತ್ತಿದ್ದ.

“ಏನಂತೋ?” ಎಂದೆ.

“ಅಜ್ಜ ಹೇಗಿದ್ದಾನೆ ಅಂತ ಕೇಳ್ತಿದ್ದಾರೆ ಅಮ್ಮಾ.”

“ಬದುಕಿದ್ದಾನೆ ಅಂತ ಹೇಳು,” ಎಂದೆ. “ಬೈತಾನೂ ಇದ್ದಾನೆ ಅಂತ ಹೇಳು.”